ನಾನು ರಕ್ಷಣಾ ಮಂತ್ರಿಯಾಗಿದ್ದ ಐದು ಶನಿವಾರಗಳು

ನಾನು ರಕ್ಷಣಾ ಮಂತ್ರಿಯಾದದ್ದು ಚೀಟಿ ಎತ್ತಿ. ಡಚ್ಚರ ದೇಶದ ಬೆಸ್ಟ್ ಎಂಬ ಊರಿನ ಗ್ರಂಥಾಲಯದ ಮಹಡಿಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮಗೆ ಡಚ್ ಭಾಷೆಯ ತರಗತಿ. ಅವತ್ತು ಶಿಕ್ಷಕಿ ತಮ್ಮ ಉಣ್ಣೆಯ ಟೊಪ್ಪಿಯನ್ನು ಮಗುಚಿ, ಅದರೊಳಗೆ ಮಡಿಸಿದ ಚೀಟಿಗಳನ್ನು ಹಾಕಿ, ಒಬ್ಬೊಬ್ಬರ ಮುಂದೆಯೂ ಹಿಡಿದರು. ನನ್ನ ಚೀಟಿಯಲ್ಲಿ ಮೂರು ಪದಗಳಿದ್ದವು. ಅದರಲ್ಲಿ 'ಮಿನಿಸ್ಟರ್' ಎಂಬುದೊಂದೇ ಅರ್ಥವಾಯಿತು. ಉಳಿದದ್ದನ್ನು ಫೋನಿಗೆ ತೋರಿಸಿದಾಗ ದೇಶದ ಸೈನ್ಯವೆಲ್ಲ ನನ್ನ ಕೈಯಲ್ಲಿದೆ ಎಂದು ಗೊತ್ತಾಯಿತು. ಆಗ ನನಗೆ ಬರುತ್ತಿದ್ದ ಡಚ್ಚಿನಲ್ಲಿ ಚೀಸ್ ಕೊಳ್ಳಬಹುದಿತ್ತು, ಹಲ್ಲಿನ ಡಾಕ್ಟರ ಸಮಯ ಕೇಳಬಹುದಿತ್ತು, ಸೈಕಲ್ಲಿನ ಹಿಂದಿನ ಚಕ್ರ ಪಂಕ್ಚರ್ ಆಗಿದೆ ಎನ್ನಬಹುದಿತ್ತು. ಇಷ್ಟು ಬಂಡವಾಳದಲ್ಲಿ ನಾನು ದೇಶ ಕಾಯಬೇಕಾಗಿತ್ತು.

ಏಳು ವರ್ಷ ಆ ದೇಶದಲ್ಲಿದ್ದೂ ನನ್ನ ಡಚ್ ಅಲ್ಲೇ ನಿಂತಿದ್ದಕ್ಕೆ ಕಾರಣ ಸೋಮಾರಿತನವಲ್ಲ, ಸೌಕರ್ಯ. ನಾನು ಮೈಸೂರಿನವಳು. ನೈಮೆಗನ್ನಿನ ಒಂದು ಚಿಪ್ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ. ನಾನು ಬಾಯಿ ತೆರೆದು ಡಚ್ಚಿನಲ್ಲಿ ಎರಡು ಪದ ಹೇಳುವಷ್ಟರಲ್ಲಿ ಅಂಗಡಿಯವರೂ ಕರುಣೆಯಿಂದ ಇಂಗ್ಲಿಷಿಗೆ ತಿರುಗುತ್ತಾರೆ. ಆದರೆ ಆ ದೇಶದಲ್ಲಿ ಕಾಯಂ ಆಗಿ ನೆಲೆಸಲು ಅನುಮತಿ ಬೇಕೆಂದರೆ ಭಾಷೆಯ ಪರೀಕ್ಷೆ ಪಾಸಾಗಲೇಬೇಕು. ಓದು, ಬರಹ, ಕೇಳುವುದು ಮೂರರಲ್ಲೂ ಪಾಸಾಗಿದ್ದೆ. ಮಾತಾಡುವುದರಲ್ಲಿ ಡುಮ್ಕಿ ಹೊಡೆದಿದ್ದೆ. ಮೈಸೂರಿನಲ್ಲಿ ನನ್ನನ್ನು ಬಲ್ಲವರು ಈ ಸುದ್ದಿಯನ್ನು ನಂಬಲೇ ಇಲ್ಲ.

ನಮ್ಮ ಶಿಕ್ಷಕಿ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ತರಗತಿ ಗದ್ದಲವಾದರೆ ಬಾರಿಸಲೆಂದು ಒಂದು ಹಳೆಯ ಸೈಕಲ್ ಗಂಟೆಯನ್ನು ಚೀಲದಲ್ಲಿಟ್ಟುಕೊಂಡು ತರುತ್ತಿದ್ದರು. ಅವತ್ತಿನವರೆಗೆ ಅದನ್ನು ಬಾರಿಸುವ ಸಂದರ್ಭವೇ ಬಂದಿರಲಿಲ್ಲ. ನಾವು ಹನ್ನೊಂದು ಜನ ವಿದ್ಯಾರ್ಥಿಗಳೂ ಸಾವಿನ ಮನೆಯಲ್ಲಿ ಕೂತವರ ಹಾಗೆ ಕೂತಿರುತ್ತಿದ್ದೆವು.

"ನಿಮಗೆ ತರಕಾರಿ ಕೊಳ್ಳಲು ಬರುತ್ತದೆ, ಜಗಳ ಆಡಲು ಬರುವುದಿಲ್ಲ," ಎಂದರು ಅವರು. "ಈ ದೇಶದಲ್ಲಿ ಎದುರು ಮಾತಾಡಲು ಬಾರದವರು ಬದುಕುವುದು ಕಷ್ಟ. ಇನ್ನು ಐದು ವಾರ ನಾವು ಜಗಳ ಕಲಿಯೋಣ."

ಹೀಗೆ ಹೇಳಿ ಬಿಳಿ ಬೋರ್ಡಿನ ಮೇಲೆ ಒಂದು ದ್ವೀಪ ಬರೆದರು. ಅದು ಆಲೂಗಡ್ಡೆಯ ಹಾಗೆ ಕಾಣುತ್ತಿದ್ದುದರಿಂದ ಆಲೂಗಡ್ಡೆ ದೇಶ ಎಂಬ ಹೆಸರು ತಾನಾಗಿಯೇ ಬಂತು. ಅವರು ಬರೆದು ಹಂಚಿದ ಕಾಗದದಲ್ಲಿದ್ದ ಕಥೆ ಇಷ್ಟು: ಆ ದೇಶದಲ್ಲಿ ನಮ್ಮ ರಾಯಭಾರ ಕಚೇರಿಯ ಮೂವರು ಅಧಿಕಾರಿಗಳು ಕಾರಿನಲ್ಲಿ ಹೋಗುತ್ತಿದ್ದಾಗ ಗುಂಪೊಂದು ದಾಳಿ ಮಾಡಿದೆ. ಒಬ್ಬರ ತೋಳು ಮುರಿದಿದೆ. ಮೂವರೂ ಓಡಿ ಬಂದು ಕಚೇರಿಯ ನೆಲಮಾಳಿಗೆಯಲ್ಲಿ ಅಡಗಿದ್ದಾರೆ. ಆಲೂಗಡ್ಡೆ ದೇಶದ ಸರ್ಕಾರ 'ವಿಷಾದಿಸುತ್ತೇವೆ' ಎಂದು ಕೈತೊಳೆದುಕೊಂಡಿದೆ. ಈಗ ನಾವು ಹನ್ನೊಂದು ಜನರೇ ಪಾರ್ಲಿಮೆಂಟು. ಸೈನ್ಯ ಕಳಿಸಬೇಕೋ ಬೇಡವೋ?

ತೈವಾನಿನ ಒಬ್ಬ ಎಂಜಿನಿಯರ್‌ಗೆ ಪ್ರಧಾನಿಯ ಚೀಟಿ ಬಂದಿತ್ತು. ಆತನೂ ನಾನೂ ಇನ್ನು ಮೂವರೂ ಸರ್ಕಾರ. ಟರ್ಕಿಯ ಒಬ್ಬ ಹೆಂಗಸು ವಿರೋಧ ಪಕ್ಷದ ನಾಯಕಿ. ಆಕೆ ಊರಿನಲ್ಲೇ ಸಲೂನ್ ನಡೆಸುತ್ತಿದ್ದಳು, ನನ್ನ ಗೆಳತಿ. ದಿನವಿಡೀ ಗಿರಾಕಿಗಳ ಜತೆ ಮಾತಾಡುತ್ತಿದ್ದುದರಿಂದ ನಮ್ಮೆಲ್ಲರಿಗಿಂತ ಅವಳ ಡಚ್ ಚುರುಕು. ಅವಳ ಕಡೆಯೂ ಐದು ಜನ. ಹನ್ನೊಂದನೆಯವನು ಕಿಟಕಿಯ ಪಕ್ಕ ಕೂರುತ್ತಿದ್ದ, ನಡುವಯಸ್ಸಿನ, ಹೆಚ್ಚು ಮಾತಾಡದ ಮನುಷ್ಯ. ಯುದ್ಧ ನಡೆದಿದ್ದ ದೇಶದಿಂದ ಬಂದವನು. ಯಾವ ದೇಶವೆಂದು ಇಲ್ಲಿ ಹೇಳುವುದು ಬೇಡ. ಅವನ ಚೀಟಿಯಲ್ಲಿ 'ಒಂದೇ ಸೀಟಿನ ಪಕ್ಷ' ಎಂದಿತ್ತು. ಅದನ್ನು ಓದಿ, ಮಡಿಸಿ, ಜೇಬಿಗಿಟ್ಟುಕೊಂಡ.

ಮನೆಗೆ ಬಂದು ಊಟಕ್ಕೆ ಕೂತಾಗ ತಮಾಷೆಯೆಂದು ಇದನ್ನೆಲ್ಲ ಹೇಳಿದೆ. ಅದೇ ನಾನು ಮಾಡಿದ ತಪ್ಪು. ಆಗ ನಮ್ಮ ಮಾವ ಧಾರವಾಡದಿಂದ ಮೂರು ತಿಂಗಳ ವೀಸಾದಲ್ಲಿ ಬಂದಿದ್ದರು. ಅತ್ತೆ ಮೊಮ್ಮಗಳ ಜತೆ ಊರೆಲ್ಲ ಸುತ್ತಿ ಹಾಯಾಗಿದ್ದರೆ, ಮಾವನಿಗೆ ಹೊತ್ತು ಹೋಗುತ್ತಿರಲಿಲ್ಲ. ಜೀವನವಿಡೀ ಶಾಲೆಯಲ್ಲಿ ಪೌರನೀತಿ ಕಲಿಸಿದವರು. ಊರಿನ ಕಟ್ಟೆಯ ಮೇಲೆ ಕೂತು ದೇಶದೇಶಗಳ ಜಗಳ ಬಗೆಹರಿಸಿ ಅಭ್ಯಾಸವಾದವರು. ಇಲ್ಲಿ ಅವರ ಜತೆ ವಾದ ಮಾಡಲು ಬಾತುಕೋಳಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಏನಂದಿ? ರಾಯಭಾರಿ ಮ್ಯಾಲೆ ಕೈ ಮಾಡ್ಯಾರ?" ಎಂದು ತುತ್ತನ್ನು ತಟ್ಟೆಗೇ ಬಿಟ್ಟರು. "ನೋಡವಾ, ಅದು ದೇಶದ ಕಪಾಳಕ್ಕ ಹೊಡದಂಗ. ದೂತನ್ನ ಮುಟ್ಟಬಾರ್ದು ಅನ್ನೋದು ಹಳೇ ಕಾಲದಿಂದ ಬಂದ ನೀತಿ. ನೀ ಸುಮ್ನ ಕುಂತ್ರ ನಾಳೆ ಇನ್ನೊಬ್ಬಾವ ಹೊಡೀತಾನ. ಸೈನ್ಯ ಕಳಿಸೇ ಬಿಡು."

"ಅಪ್ಪಾ, ಅದು ಭಾಷಾ ಕಲಿಯೋ ಕ್ಲಾಸ್ ಅದರೀ," ಎಂದರು ನನ್ನ ಗಂಡ. "ಆ ದೇಶನ ಇಲ್ಲ."

"ದೇಶ ಇಲ್ಲಂದ್ರ ಏನಾತು? ತತ್ವ ಅದ ಅಲ್ಲ?"

"ಹಂಗಂದ್ರ ತತ್ವದ ಮಾತೇ ಆಡೋಣ್ರಿ. ಹೊರಗ ಸೈನ್ಯ ಬಂದು ನಿಂತ್ರ ಒಳಗಿದ್ದ ಮೂರು ಮಂದಿ ಗತಿ ಏನು? ಮದ್ಲ ಅವ್ರನ್ನೇ ಮುಗಸ್ತಾರ. ಮಾತುಕತಿ ಮಾಡಬೇಕು."

"ನಿನ್ನಂಥಾವ್ರಿಂದನ ಆಲೂಗಡ್ಡೆಯವ್ರು ಕೊಬ್ಬ್ಯಾರ," ಎಂದರು ಮಾವ.

ಸೌತೇಕಾಯಿ ಹುಳಿ ಆರಿಹೋಯಿತು. ಅಪ್ಪ ಮಗ ಇಬ್ಬರೂ ಎರಡು ದಿನ ನೇರವಾಗಿ ಮಾತಾಡಲಿಲ್ಲ. ಉಪ್ಪಿನಕಾಯಿ ಬೇಕಾದರೆ ನನ್ನ ಮೂಲಕ ಕೇಳಿ ಪಡೆಯುತ್ತಿದ್ದರು.

ಎರಡನೆಯ ಶನಿವಾರ ನನ್ನ ಮೊದಲ ಭಾಷಣ. ವಾರವಿಡೀ ರೈಲಿನಲ್ಲಿ ಬಾಯಿಪಾಠ ಮಾಡಿದ್ದೆ. ಡಚ್ಚಿನಲ್ಲಿ ದಾಳಿಗೆ 'ಆನ್‌ವಾಲ್' ಎನ್ನುತ್ತಾರೆ. ಕಸಕ್ಕೆ 'ಆಫ್‌ವಾಲ್' ಎನ್ನುತ್ತಾರೆ. ಏಳು ವರ್ಷದಲ್ಲಿ ನಾನು ಒಂದು ದಿನವೂ ದಾಳಿ ಮಾಡಿರಲಿಲ್ಲ, ಆದರೆ ವಾರಕ್ಕೊಮ್ಮೆ ತಪ್ಪದೆ ಕಸದ ಡಬ್ಬಿ ಹೊರಗಿಟ್ಟಿದ್ದೆ. ಎದ್ದು ನಿಂತಾಗ ನಾಲಿಗೆಗೆ ಪರಿಚಯವಿದ್ದ ಪದವೇ ಬಂತು.

"ಗೌರವಾನ್ವಿತ ಸಭೆ," ಎಂದೆ, ಎದೆ ಸೆಟೆಸಿ. "ಶುಕ್ರವಾರ ನಮ್ಮ ಮೂವರು ಅಧಿಕಾರಿಗಳ ಮೇಲೆ ದೊಡ್ಡ ಕಸ. ಅವರ ಮೇಲೆ ಕಸ ಎಂದರೆ ನಮ್ಮ ದೇಶದ ಮೇಲೆ ಕಸ. ನಾವು ಹೆದರುವುದಿಲ್ಲ. ಕಸಕ್ಕೆ ಉತ್ತರ ಕಸ!"

ಶಿಕ್ಷಕಿ ತಟ್ಟನೆ ಬೋರ್ಡಿನ ಕಡೆ ತಿರುಗಿಕೊಂಡರು. ಅವರ ಭುಜ ಅಲುಗುತ್ತಿತ್ತು. ಚಳಿಯಿರಬೇಕೆಂದುಕೊಂಡೆ. ವಿರೋಧ ಪಕ್ಷದ ನಾಯಕಿ ಗಂಭೀರವಾಗಿ ಎದ್ದಳು.

"ಮಂತ್ರಿಗಳೇ, ಯಾವ ಕಸ? ಹಸಿರು ಡಬ್ಬಿಯದೋ, ಬೂದು ಡಬ್ಬಿಯದೋ?"

ಅವಳು ಬಿಡಲಿಲ್ಲ. "ತರಕಾರಿ ಸಿಪ್ಪೆಯಾದರೆ ಸೈನ್ಯ ಯಾಕೆ? ಪ್ಲಾಸ್ಟಿಕ್ ಆದರೆ ಬೇರೆ ಚೀಲ. ಸರ್ಕಾರ ಬೇರ್ಪಡಿಸಿ ನೋಡಿದೆಯೇ?"

ಪ್ರಧಾನಿಗೆ ತನ್ನ ಮಂತ್ರಿಯ ಮಾನ ಉಳಿಸಬೇಕೆನಿಸಿತು. "ಆ ರಸ್ತೆಗೆ ಕಸದ ಲಾರಿ ಮಂಗಳವಾರ ಬರುತ್ತದೆ," ಎಂದ. "ಮಂಗಳವಾರದವರೆಗೆ ಎಲ್ಲರೂ ಶಾಂತಿ ಕಾಪಾಡಬೇಕು."

ವಿರೋಧ ಪಕ್ಷದವರು ಮೇಜು ಬಡಿದರು. ನಮ್ಮ ಕಡೆಯವರೂ ಬಡಿದರು. ಯಾರು ಯಾವ ಕಾರಣಕ್ಕೆ ಬಡಿಯುತ್ತಿದ್ದಾರೆ ಎಂದು ಯಾರಿಗೂ ತಿಳಿಯದಿದ್ದರೂ ತರಗತಿಯಲ್ಲಿ ಮೊದಲ ಬಾರಿಗೆ ಜೀವ ಬಂದಿತ್ತು. ಶಿಕ್ಷಕಿ ಕಣ್ಣೊರೆಸಿಕೊಂಡು, ಚೀಲದಿಂದ ಸೈಕಲ್ ಗಂಟೆ ತೆಗೆದು, ಟ್ರಿಣ್ ಟ್ರಿಣ್ ಎಂದು ಬಾರಿಸಿದರು. ಆಮೇಲೆ ಬೋರ್ಡಿನ ಮೇಲೆ ಎರಡು ಪದಗಳನ್ನೂ ಅಕ್ಕಪಕ್ಕ ಬರೆದು ತೋರಿಸಿದರು. ಮೊದಲು ನಕ್ಕವನು ಕಿಟಕಿ ಪಕ್ಕದ ಒಂದೇ ಸೀಟಿನ ಪಕ್ಷದವನು. ಅವನು ನಕ್ಕದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ.

ಸಂಜೆ ಒಂಬತ್ತು ವರ್ಷದ ಮಗಳಿಗೆ ಇದನ್ನು ಹೇಳಿದೆ. "ಅಮ್ಮಾ, ಪ್ಲೀಸ್," ಎಂದಳು. "ಡೋಂಟ್ ಟೆಲ್ ದಿಸ್ ಅಟ್ ಮೈ ಸ್ಕೂಲ್."

ಮೂರನೆಯ ವಾರದ ಹೊತ್ತಿಗೆ ಪದಗಳು ಸರಿಹೋದವು, ಜಗಳ ಕೆಟ್ಟಿತು. ನಮ್ಮ ಸರ್ಕಾರದ ಒಳಗೇ ಒಡಕು. ಪ್ರಧಾನಿ ಸೈನ್ಯದ ಪರವೇ. ಆದರೆ ಡಚ್ಚರ ದೇಶದಲ್ಲಿ ಇದ್ದೂ ಇದ್ದೂ ಆತನಿಗೆ ಒಂದು ಪದ ಮೈಗೂಡಿಹೋಗಿತ್ತು. 'ಆಫ್‌ಸ್ಪ್ರಾಕ್', ಅಂದರೆ ಮೊದಲೇ ಗೊತ್ತುಮಾಡಿಕೊಂಡ ಸಮಯ. ಅಲ್ಲಿ ಅದಿಲ್ಲದೆ ಗೆಳೆಯನ ಮನೆಗೆ ಚಹಾಕ್ಕೂ ಹೋಗುವಂತಿಲ್ಲ.

"ದಾಳಿ ಮಾಡೋಣ," ಎಂದ ಆತ. "ಆದರೆ ಆಲೂಗಡ್ಡೆ ದೇಶಕ್ಕೆ ಫೋನ್ ಮಾಡಿ ಆಫ್‌ಸ್ಪ್ರಾಕ್ ತೆಗೆದುಕೊಂಡು ಮಾಡೋಣ. ಇಲ್ಲದಿದ್ದರೆ ಅವರು ಮನೆಯಲ್ಲಿ ಇಲ್ಲದೆ ಇರಬಹುದು."

"ಸ್ವಾಮೀ, ಅದು ದಾಳಿ," ಎಂದೆ ನಾನು. "ಹೇಳಿ ಹೋಗುವುದಲ್ಲ."

"ಹೇಳದೆ ಹೋಗುವುದು ಅಸಭ್ಯತನ," ಎಂದ ಪ್ರಧಾನಿ, ನಿಜವಾಗಿಯೂ ನೊಂದು.

ಅದು ಮುಗಿಯುವಷ್ಟರಲ್ಲಿ ಸೈನಿಕರ ಊಟದ ಪ್ರಶ್ನೆ ಬಂತು. ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡು ಚೀಸು ಸಾಕೆಂದು ಒಂದು ಪಂಗಡ. ಅದನ್ನು ತಿಂದು ಯಾರೂ ಯುದ್ಧ ಮಾಡಲಾರರು, ಬಿಸಿ ಊಟ ಬೇಕೇಬೇಕು ಎಂದು ಇನ್ನೊಂದು ಪಂಗಡ. ಕೊನೆಗೆ ಮೊದಲ ಪಂಗಡವೂ ಮನಸ್ಸು ಬದಲಿಸಿ, ಈ ವಿಷಯದಲ್ಲಿ ಮಾತ್ರ ಪಕ್ಷಭೇದವಿಲ್ಲದೆ ಹೊರದೇಶದಿಂದ ಬಂದ ಹನ್ನೊಂದು ಹೊಟ್ಟೆಗಳೂ ಒಂದಾಗಿ ಬಿಸಿ ಊಟದ ಪರ ಮತ ಹಾಕಿದವು. ಐದು ವಾರಗಳಲ್ಲಿ ಸರ್ವಾನುಮತದಿಂದ ಆದ ತೀರ್ಮಾನ ಅದೊಂದೇ. ಶಿಕ್ಷಕಿಗೆ ಸ್ವಲ್ಪ ಬೇಸರವಾದಂತಿತ್ತು. ಅವರ ಡಬ್ಬಿಯಲ್ಲಿ ಬ್ರೆಡ್ಡು ಚೀಸೇ ಇರುತ್ತಿತ್ತು.

ಜಗಳ ಗ್ರಂಥಾಲಯದ ಮೆಟ್ಟಿಲಿಳಿದು ಹೊರಗೂ ಬಂತು. ಕಾಫಿ ಯಂತ್ರದ ಬಳಿ ಸೈನ್ಯದವರು ಒಂದು ಕಡೆ, ಮಾತುಕತೆಯವರು ಇನ್ನೊಂದು ಕಡೆ ನಿಲ್ಲತೊಡಗಿದರು. ವಾಟ್ಸಾಪ್ ಗುಂಪಿನಲ್ಲಿ ಮನೆಪಾಠದ ಬದಲು ಒಬ್ಬರಿಗೊಬ್ಬರು ಪ್ರಶ್ನೆ ಎಸೆಯತೊಡಗಿದರು. ನನ್ನ ಗೆಳತಿ ನನಗಾಗಿ ಪಕ್ಕದ ಕುರ್ಚಿ ಹಿಡಿಯುವುದನ್ನು ನಿಲ್ಲಿಸಿದಳು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದು ತೋರಿಸಿಕೊಳ್ಳಲು ಬಹಳ ಕಷ್ಟಪಟ್ಟೆ.

ದುರದೃಷ್ಟಕ್ಕೆ ಆ ಬುಧವಾರವೇ ಅವಳ ಸಲೂನಿನಲ್ಲಿ ನನಗೆ ಕೂದಲು ಕತ್ತರಿಸುವ ಸಮಯ ನಿಗದಿಯಾಗಿತ್ತು. ರದ್ದು ಮಾಡಿದರೆ ಸೋತಂತೆ. ಹೋದೆ. ಅವಳು ಕುತ್ತಿಗೆಗೆ ಬಟ್ಟೆ ಬಿಗಿದು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕತ್ತರಿ ಎತ್ತಿದಳು.

"ಮಂತ್ರಿಗಳೇ," ಎಂದಳು ಡಚ್ಚಿನಲ್ಲಿ, "ಎಷ್ಟು ಕತ್ತರಿಸಲಿ?"

"ಎರಡು ಬೆರಳಷ್ಟು."

"ಎಷ್ಟು ಸೈನಿಕರು?"

"ಇನ್ನೂರು."

"ನೆಲಮಾಳಿಗೆಯಲ್ಲಿ ಇರುವುದು ಮೂವರು. ಇನ್ನೂರು ಜನ ಒಳಗೆ ಹೇಗೆ ಹಿಡಿಸುತ್ತಾರೆ?"

"ಸರದಿಯಲ್ಲಿ ಹೋಗುತ್ತಾರೆ," ಎಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಕೈ ಅಲುಗಿತು. ಹಣೆಯ ಮೇಲಿನ ಕೂದಲು ಎಡಗಡೆ ಎರಡು ಬೆರಳು, ಬಲಗಡೆ ನಾಲ್ಕು ಬೆರಳು ಹೋಯಿತು. ಇಬ್ಬರೂ ಕನ್ನಡಿ ನೋಡಿದೆವು. "ಅಯ್ಯೋ," ಎಂದಳು ಅವಳು ತನ್ನ ಭಾಷೆಯಲ್ಲಿ. ಪದ ಬೇರೆ, ಅರ್ಥ ಅದೇ. ಸರಿ ಮಾಡಲು ಹೋಗಿ ಇನ್ನಷ್ಟು ಹೋಯಿತು. ಆಮೇಲೆ ಚಹಾ ತರಿಸಿದಳು, ಒಂದು ಗಂಟೆ ಕೂತು ಅವಳ ಅತ್ತೆಯ ಬಗ್ಗೆಯೂ ನನ್ನ ಮಾವನ ಬಗ್ಗೆಯೂ ಮಾತಾಡಿದೆವು. ಅಷ್ಟೂ ಡಚ್ಚಿನಲ್ಲೇ ಎಂದು ಹೊಳೆದದ್ದು ನಾನು ಸೈಕಲ್ ಹತ್ತಿದ ಮೇಲೆ. ಆದರೆ ರಾಜಕೀಯದಲ್ಲಿ ಇಬ್ಬರೂ ಒಂದಿಂಚೂ ಕದಲಲಿಲ್ಲ. ನನ್ನ ಗಂಡ ಆ ಸಂಜೆ ನನ್ನನ್ನು ನೋಡಿ, "ಯುದ್ಧದಾಗ ಇಂಥಾವೆಲ್ಲ ಆಗ್ತಾವ," ಎಂದಷ್ಟೇ ಹೇಳಿ ಒಳಗೆ ಹೋದರು.

ಐದು ಐದು ಸಮವಾಗಿ ನಿಂತಿದ್ದರಿಂದ ಎಲ್ಲರ ಕಣ್ಣೂ ಕಿಟಕಿ ಪಕ್ಕದವನ ಮೇಲೆ ಬಿತ್ತು. ನಾಲ್ಕನೆಯ ಶನಿವಾರ ಅವನಿಗೆ ಬಂದ ಉಪಚಾರವನ್ನು ಮದುವೆಯ ದಿನ ಬೀಗರಿಗೂ ಮಾಡುವುದಿಲ್ಲ. ನನ್ನ ಗೆಳತಿ ಅವನಿಗೆ ಪುಕ್ಕಟೆ ಕ್ಷೌರ ಮಾಡುತ್ತೇನೆಂದಳು. ಅವನು ನನ್ನ ತಲೆಯ ಕಡೆ ನೋಡಿ, ಕೈಮುಗಿದು, ಬೇಡವೆಂದ. ಪ್ರಧಾನಿ ಅವನನ್ನು ಕಾಫಿಗೆ ಕರೆದ, ಎರಡು ವಾರ ಬಿಟ್ಟು ಬರುವ ಗುರುವಾರಕ್ಕೆ. ನಾನು ಮಾವ ಧಾರವಾಡದಿಂದ ತಂದಿದ್ದ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆ. ಅದರ ಜತೆಗೆ ಮಾವನೂ ಬಂದಿದ್ದರು.

"ನಾ ಸುಮ್ನ ಕೆಳಗ ಪೇಪರ್ ನೋಡ್ಕೋತ ಕೂಡ್ತೇನಿ," ಎಂದಿದ್ದರು. ಬಿಡುವಿನಲ್ಲಿ ನಾನು ಇಳಿದು ಬಂದಾಗ ಅವರೂ ಆ ಮನುಷ್ಯನೂ ಎದುರುಬದುರು ಕೂತಿದ್ದರು. ನಡುವೆ ಹೋಳಿಗೆಯ ಡಬ್ಬಿ ಅರ್ಧ ಖಾಲಿಯಾಗಿತ್ತು. ಮಾವನಿಗೆ ಡಚ್ ಬರುವುದಿಲ್ಲ, ಅವನಿಗೆ ಕನ್ನಡ ಬರುವುದಿಲ್ಲ, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾವ ಹೋಳಿಗೆಯ ತುಂಡುಗಳನ್ನೇ ಮೇಜಿನ ಮೇಲೆ ಜೋಡಿಸಿ ಸೈನ್ಯ ಯಾವ ಕಡೆಯಿಂದ ನುಗ್ಗಬೇಕೆಂದು ತೋರಿಸುತ್ತಿದ್ದರು. ಆತ ಗಮನವಿಟ್ಟು ನೋಡಿ, ಆಗಾಗ ಒಂದೊಂದು ತುಕಡಿಯನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಭಾಳ ತಿಳಿದಾವ ಇದ್ದಾನ," ಎಂದರು ಮಾವ ದಾರಿಯಲ್ಲಿ. "ಒಂದ ಮಾತು ಎದುರಾಡಲಿಲ್ಲ. ಓಟು ನಮ್ದ."

ಐದನೆಯ ಶನಿವಾರ ಮತದಾನ. ಮಾವ ಮದುವೆಗೆ ಹೋಗುವವರ ಹಾಗೆ ಕೋಟು ಹಾಕಿಕೊಂಡು ಬಂದಿದ್ದರು. ಶಿಕ್ಷಕಿ ಸಂತೋಷದಿಂದಲೇ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿ, ಅದು ಪ್ರೇಕ್ಷಕರ ಗ್ಯಾಲರಿ ಎಂದೂ, ಅಲ್ಲಿ ಕೂತವರು ಬಾಯಿ ತೆರೆಯುವಂತಿಲ್ಲ ಎಂದೂ ಇಂಗ್ಲಿಷಿನಲ್ಲಿ ವಿವರಿಸಿದರು. ಮಾವ ಪೌರನೀತಿಯ ಮೇಷ್ಟ್ರ ಗತ್ತಿನಲ್ಲಿ ತಲೆಯಾಡಿಸಿದರು. ಆ ಮೌನ ಆರು ನಿಮಿಷ ಉಳಿಯಿತು.

ನಾನು ಮಾತು ಚೆನ್ನಾಗಿಯೇ ಶುರುಮಾಡಿದ್ದೆ. ದಾಳಿಯನ್ನು ದಾಳಿ ಎಂದೇ ಕರೆದೆ. ನನ್ನ ಗೆಳತಿ ಎದ್ದು, "ಸೈನ್ಯ ಹೋದರೆ ಗುಂಡು ಹಾರುತ್ತದೆ. ಗುಂಡು ಯಾರ ಪಾಸ್‌ಪೋರ್ಟನ್ನೂ ಕೇಳುವುದಿಲ್ಲ," ಎಂದಳು. ಅದು ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ಕಡೆಯ ಒಬ್ಬ ಚಪ್ಪಾಳೆ ತಟ್ಟಿ ನನ್ನ ಮುಖ ನೋಡಿ ನಿಲ್ಲಿಸಿದ. ನಾನು ಉತ್ತರಕ್ಕೆ ತಡಕಾಡುತ್ತಿದ್ದಾಗ ಹಿಂದಿನಿಂದ ಗುಡುಗು ಕೇಳಿಸಿತು.

"ಪಾಯಿಂಟ್ ಆಫ್ ಆರ್ಡರ್, ಮೇಡಂ!"

ಮಾವ ಎದ್ದು ನಿಂತಿದ್ದರು. ಟ್ರಿಣ್ ಎಂದಿತು ಸೈಕಲ್ ಗಂಟೆ. ಮಾವ ಅದನ್ನು ಪ್ರೋತ್ಸಾಹವೆಂದು ತಿಳಿದರು. ಇಂಗ್ಲಿಷಿನಲ್ಲಿ ಶುರುವಾದ ಅವರ ಭಾಷಣ ಎರಡನೆಯ ವಾಕ್ಯಕ್ಕೇ ಧಾರವಾಡಕ್ಕೆ ತಲುಪಿತ್ತು. "ಒಬ್ಬನ್ನ ಬಿಟ್ರ ಎಲ್ಲಾರೂ ತಲಿ ಮ್ಯಾಲೆ ಕೂಡ್ತಾರ! ಸರ್ಕಾರ ಅಂದ ಮ್ಯಾಲೆ ಗಟ್ಟಿ ಇರಬೇಕ್ರಿ!" ಟ್ರಿಣ್ ಟ್ರಿಣ್ ಟ್ರಿಣ್. ಪ್ರಧಾನಿ ಮರ್ಯಾದೆಯಿಂದ ಎದ್ದು ನಿಂತಿದ್ದ. ವಿರೋಧ ಪಕ್ಷದವರು, "ಭಾಷಾಂತರ! ಭಾಷಾಂತರ!" ಎಂದು ಕೂಗಿದರು. ನಾನು ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, "ಸಾರ್ವಜನಿಕರು ಸರ್ಕಾರದ ಪರವಾಗಿದ್ದಾರೆ," ಎಂದು ಅನುವಾದಿಸಿದೆ. "ಮಾವ, ಕೂತ್ಕೊಳ್ಳಿ, ಪ್ಲೀಸ್," ಎಂದು ಕನ್ನಡದಲ್ಲಿ ಸೇರಿಸಿದೆ.

"ನಾ ಹೇಳೋದು ಮುಗೀತವಾ," ಎಂದು ಕೋಟು ಸರಿಮಾಡಿಕೊಂಡು ಕೂತರು.

ಆಗ ಶಿಕ್ಷಕಿ ಕಿಟಕಿಯ ಕಡೆ ತಿರುಗಿ, ಒಂದೇ ಸೀಟಿನ ಪಕ್ಷದ ಅಭಿಪ್ರಾಯವೇನೆಂದು ಕೇಳಿದರು. ಆತ ಎದ್ದ. ಮೇಜಿನ ಅಂಚು ಹಿಡಿದುಕೊಂಡ. ಅವನ ಡಚ್ ನನ್ನದಕ್ಕಿಂತಲೂ ಸಣ್ಣದು. ಆದರೆ ಒಂದೊಂದು ಪದವನ್ನೂ ನೋಡಿ ಇಟ್ಟ.

"ನನಗೆ ಒಂದು ಪ್ರಶ್ನೆ," ಎಂದ. "ಕಾಗದದಲ್ಲಿ ಮೂರು ಅಧಿಕಾರಿ ಇದ್ದಾರೆ. ಅವರು ಕಾರಿನಲ್ಲಿ ಹೋಗುತ್ತಿದ್ದರು. ಕಾರು ಓಡಿಸಿದ್ದು ಯಾರು?"

ಶಿಕ್ಷಕಿ ತಾವೇ ಬರೆದ ಕಾಗದವನ್ನು ಎತ್ತಿ ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು. ಡ್ರೈವರ್ ಇರಲಿಲ್ಲ.

"ನಾನು ಡ್ರೈವರ್," ಎಂದ ಅವನು. "ನನ್ನ ಊರಿನಲ್ಲಿ ಬೇರೆ ದೇಶದ ರಾಯಭಾರ ಕಚೇರಿ. ಒಂದು ದಿನ ತುಂಬಾ ಜನ ಬಂದರು. ಗಾಜು ಒಡೆಯಿತು. ನಾನು, ತೋಟದವನು, ಒಬ್ಬ ಸಾಹೇಬರು, ನೀರಿನ ಪಂಪಿನ ಕೋಣೆಯಲ್ಲಿ ಎರಡು ದಿನ. ರೇಡಿಯೋ ಇತ್ತು. ಅವರ ಪಾರ್ಲಿಮೆಂಟಿನಲ್ಲಿ ಜಗಳ. ಸೈನ್ಯ ಬೇಕು, ಸೈನ್ಯ ಬೇಡ. ಸಾಹೇಬರು ನಮಗೆ ಅರ್ಥ ಹೇಳುತ್ತಿದ್ದರು. ತೋಟದವನು ಕೇಳಿದ, ನೀರಿನ ಬಗ್ಗೆ ಏನಾದರೂ ಹೇಳಿದರಾ? ಸಾಹೇಬರು ಹೇಳಿದರು, ಇನ್ನೂ ಇಲ್ಲ."

"ಪಂಪಿನ ಕೋಣೆಯಲ್ಲಿ ನೀರಿರಲಿಲ್ಲವೇ?" ಎಂದು ಪ್ರಧಾನಿ ಮೆಲ್ಲಗೆ ಕೇಳಿದ.

"ಕರೆಂಟು ಇರಲಿಲ್ಲ," ಎಂದ ಅವನು. ಹೇಳಿ ತಾನೇ ನಕ್ಕ. ನಮಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವನು ನಗುತ್ತಲೇ ಇದ್ದುದರಿಂದ ನಾವೂ ಸ್ವಲ್ಪ ನಕ್ಕೆವು. "ಮೊದಲು ನೀರು," ಎಂದ. "ಆಮೇಲೆ ಬಾಗಿಲು. ಎಲ್ಲರೂ ಹೊರಗೆ ಬಂದ ಮೇಲೆ ಜಗಳ ಆಡಿ. ತುಂಬಾ ದಿನ ಆಡಿ. ನನ್ನ ಓಟು ಅದಕ್ಕೆ."

ಕೂತುಬಿಟ್ಟ. ಶಿಕ್ಷಕಿ ಬೋರ್ಡಿನ ಹತ್ತಿರ ಹೋಗಿ, 'ಮೂವರು ಅಧಿಕಾರಿಗಳು' ಎಂದಿದ್ದುದರ ಕೆಳಗೆ 'ಒಬ್ಬ ಡ್ರೈವರ್' ಎಂದು ಬರೆದರು. ಹಿಂದಿನ ಸಾಲಿನಿಂದ ಮಾವ ನನ್ನ ಅಂಗಿ ಜಗ್ಗಿ, "ಏನಂದಾ? ಏನಂದಾ?" ಎಂದು ಕೇಳುತ್ತಿದ್ದರು. ಬಗ್ಗಿ ಹೇಳಿದೆ.

ನನಗೆ ಕೈಯಲ್ಲಿದ್ದ ಕಾಗದದ ಇನ್ನೂರು ಸೈನಿಕರು ಒಮ್ಮೆಲೇ ಹೊರೆಯೆನಿಸಿದರು. ನನ್ನ ಗೆಳತಿಯ ಕಡೆ ನೋಡಿದೆ. ಅವಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ನೆಲಕ್ಕಿಟ್ಟಳು. ನಾನು ಎದ್ದು ಹೋಗಿ ಅಲ್ಲಿ ಕೂತೆ. ಸರ್ಕಾರ ಮತ್ತು ವಿರೋಧ ಪಕ್ಷ ಸೇರಿ ಹೊಸ ಠರಾವು ಬರೆಯಲು ಅರ್ಧ ಗಂಟೆ ಹಿಡಿಯಿತು. ಅದರಲ್ಲಿ ಇಪ್ಪತ್ತು ನಿಮಿಷ ಕಾಗುಣಿತಕ್ಕೇ ಹೋಯಿತು.

ತೀರ್ಮಾನ ಹೀಗಾಯಿತು. ಒಂದು ಬಸ್ಸು ಹೋಗಬೇಕು. ಅದರಲ್ಲಿ ನೀರು, ಒಬ್ಬ ಡಾಕ್ಟರು, ಬಿಸಿ ಊಟ. ಆದರೆ ಬಸ್ಸನ್ನು ಯಾರು ಓಡಿಸಬೇಕು? ಸೈನಿಕನೇ ಆಗಬೇಕೆಂದು ನಾನು ಹಟ ಹಿಡಿದೆ. ಇಲಾಖೆಯ ಮಾನದ ಪ್ರಶ್ನೆ. ಸಮವಸ್ತ್ರ ಕಂಡರೆ ಗುಂಪು ರೇಗುತ್ತದೆಂದು ವಿರೋಧ ಪಕ್ಷ. ಕೊನೆಗೆ ಸೈನಿಕನೇ ಓಡಿಸತಕ್ಕದ್ದು, ಸಮವಸ್ತ್ರದ ಮೇಲೆ ಸ್ವೆಟರ್ ಹಾಕಿರತಕ್ಕದ್ದು ಎಂದಾಯಿತು. ಸ್ವೆಟರಿನ ಬಣ್ಣದ ಚರ್ಚೆ ಶುರುವಾಗುವಷ್ಟರಲ್ಲಿ ಶಿಕ್ಷಕಿ ಗಂಟೆ ಬಾರಿಸಿ ಮತಕ್ಕೆ ಹಾಕಿದರು. ಹತ್ತು ಮತ ಪರ, ಒಂದು ವಿರೋಧ. ವಿರುದ್ಧ ಮತ ಹಾಕಿದವನು ಪ್ರಧಾನಿ. ಬಸ್ಸು ಹೊರಡುವ ಮುನ್ನ ಆಲೂಗಡ್ಡೆ ದೇಶಕ್ಕೆ ಯಾರೂ ಫೋನ್ ಮಾಡಿಲ್ಲ ಎಂಬುದು ಅವನ ಆಕ್ಷೇಪ. ತನ್ನದೇ ಸರ್ಕಾರದ ವಿರುದ್ಧ ಮತ ಹಾಕಿದ್ದಕ್ಕೆ ಅವನು ರಾಜೀನಾಮೆ ಕೊಡಬೇಕಾಗುತ್ತದೆ ಎಂದರು ಶಿಕ್ಷಕಿ. ಅವನು ಡೈರಿ ತೆರೆದು, ಯಾವ ದಿನಕ್ಕೆ ಎಂದು ಕೇಳಿದ.

ತರಗತಿ ಮುಗಿದ ಮೇಲೆ ನಾವು ಮೂವರು, ಅಂದರೆ ನಾನು, ಮಾವ, ಆ ಡ್ರೈವರ್, ಬಸ್ ನಿಲ್ದಾಣದವರೆಗೆ ಜತೆಯಾಗಿ ನಡೆದೆವು. ಗಾಳಿ ಜೋರಾಗಿತ್ತು. ಮಾವ ಕೋಟಿನ ಗುಂಡಿ ಹಾಕಿಕೊಂಡು, "ಒಂದ್ ಕೇಳವಾ ಅವಂಗ," ಎಂದರು. "ಖರೇ ಖರೇ ಆದ ಆ ಜಗಳದಾಗ, ಆ ದೇಶದಾವ್ರು ಕಡೀಕ ಏನು ಠರಾವ್ ಮಾಡಿದ್ರು? ಸೈನ್ಯ ಕಳಿಸಿದ್ರೋ ಇಲ್ಲೋ?"

ನಾನು ಡಚ್ಚಿನಲ್ಲಿ ಕೇಳಿದೆ. ಅವನು ಭುಜ ಕುಣಿಸಿದ.

"ಗೊತ್ತಿಲ್ಲ," ಎಂದ. "ಮೂರನೆಯ ದಿನ ನಮ್ಮ ಬೀದಿಯ ಹಾಲಿನವನು ಹಿಂದಿನ ಗೇಟಿನ ಬೀಗ ಒಡೆದ. ನಾವು ಅವನ ಗಾಡಿಯಲ್ಲಿ ಹೋದೆವು. ಸಾಹೇಬರು ಕ್ಯಾನುಗಳ ಹಿಂದೆ ಮಲಗಿದ್ದರು. ನಾನು ಅಕ್ಕನ ಮನೆಗೆ ಹೋಗಿ ನಿದ್ದೆ ಮಾಡಿದೆ. ಎದ್ದಾಗ ರೇಡಿಯೋದಲ್ಲಿ ಬೇರೆ ಸುದ್ದಿ ಬರುತ್ತಿತ್ತು."

ಮಾವನಿಗೆ ಹೇಳಿದೆ. ಅವರು ತಮ್ಮ ಕೋಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಕೊನೆಯ ಎರಡು ಹೋಳಿಗೆ ತೆಗೆದು ಅವನ ಕೈಯಲ್ಲಿಟ್ಟರು. ಅವನು ಬಸ್ಸು ಹತ್ತಿದ. ಅದು ತಿರುವು ದಾಟುವವರೆಗೂ ಮಾವ ಕೈ ಎತ್ತಿಕೊಂಡೇ ನಿಂತಿದ್ದರು.

ಮಾರನೆಯ ಬೆಳಿಗ್ಗೆ ಅವರ ಕೋಣೆಯಿಂದ ಜೋರು ದನಿ ಕೇಳಿ ಹೋಗಿ ನೋಡಿದೆ. ಮಂಚದ ಮೇಲೆ ಕಾಲು ಮಡಿಚಿ ಕೂತು, ಧಾರವಾಡದ ತಮ್ಮ ಹಳೆಯ ಸಹೋದ್ಯೋಗಿ ಮೇಷ್ಟ್ರುಗಳ ಜತೆ ವಿಡಿಯೋ ಕರೆಯಲ್ಲಿದ್ದರು. ಪುಟ್ಟ ಪರದೆಯಲ್ಲಿ ನಾಲ್ಕು ಬಕ್ಕತಲೆಗಳು ಕಾಣುತ್ತಿದ್ದವು.

"ಇಲ್ಲಿ ಪಾರ್ಲಿಮೆಂಟಿನ್ಯಾಗ ನಾನೂ ಎದ್ದು ನಿಂತು ನಾಕು ಮಾತು ಆಡಿದೆ," ಎನ್ನುತ್ತಿದ್ದರು. "ನಾ ಮಾತಾಡೋದಕ್ಕ ಗಂಟಿ ಬಾರಿಸಿದ್ರು ನೋಡ್ರಿ, ಅಷ್ಟು ಮರ್ಯಾದಿ. ಕಡೀಕ ನಾವು ಬಸ್ ಕಳಿಸೋದಂತ ಠರಾವ್ ಮಾಡಿದ್ವಿ."

"ಬಸ್ ಯಾಕ ಕಳಿಸಿದ್ರಿ?" ಎಂದಿತು ಒಂದು ತಲೆ, ಸಿಟ್ಟಿನಿಂದ. "ಸೈನ್ಯ ಕಳಿಸಬೇಕಿತ್ತು! ರಾಯಭಾರಿ ಮ್ಯಾಲೆ ಕೈ ಮಾಡೋದಂದ್ರ ಏನು?"

"ಸೈನ್ಯ ಕಳಿಸಿದ್ರ ಒಳಗಿದ್ದಾವ್ರ ಗತಿ ಏನಪಾ?" ಎಂದಿತು ಇನ್ನೊಂದು. ಮೂರನೆಯವರು ಇಬ್ಬರಿಗೂ ತಿಳಿವಳಿಕೆಯಿಲ್ಲವೆಂದರು. ನಾಲ್ಕನೆಯವರ ದನಿ ಮ್ಯೂಟಿನಲ್ಲಿತ್ತು, ಆದರೆ ಕೈಬೀಸುವ ರೀತಿ ನೋಡಿದರೆ ಅವರೂ ಸುಮ್ಮನಿರಲಿಲ್ಲ.

"ಸುಮ್ನಿರ್ರಿ ಎಲ್ಲಾರೂ!" ಎಂದು ಮಾವ ಕೂಗಿದರು. "ಮದ್ಲ ನನಗ ಇಷ್ಟು ಹೇಳ್ರಿ. ಕಾರು ಓಡಿಸಿದಾವ ಯಾರು?"

ಪರದೆಯ ಆ ಕಡೆ ಗದ್ದಲ ನಿಂತಿತು. ಮಾವ ನನ್ನ ಕಡೆ ತಿರುಗಿ, ಬಾಗಿಲು ಮುಂದೆ ಮಾಡಿಕೊಂಡು ಹೋಗು ಎಂಬಂತೆ ಕೈಸನ್ನೆ ಮಾಡಿದರು. ನಾನು ಇಡ್ಲಿ ಹಿಟ್ಟು ನೋಡಲು ಅಡಿಗೆಮನೆಗೆ ಹೋದೆ.